ಒಂಟಿಗವಸಿನ ಎಡಗೈ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಹೇಳಿದ್ದಾರೆ. ನನ್ನ ವಿಷಯದಲ್ಲಿ ಆ ಗಾದೆಯೂ ಕೈಕೊಟ್ಟಿತು. ನಾನು ಒಂದಕ್ಷರವನ್ನೂ ಆಡದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡು ಮಲಗಿದ್ದಾಗಲೇ ಎಲ್ಲ ಹೋಯಿತು.

ಡಾಕ್ಟರು ನಮ್ಮ ಪಕ್ಕದ ಮನೆಯವರು. ಬಂದು ವರ್ಷವಾಗಿರಬಹುದು. ಅವರಿಗೂ ನಮಗೂ ನಡುವೆ ಒಂದೇ ಗೋಡೆ, ಅದೂ ತೆಳು. ಆ ಮನೆಯಲ್ಲಿ ಮೂರು ತಲೆಮಾರಿನವರು ಒಟ್ಟಿಗಿದ್ದಾರೆ: ನಿವೃತ್ತ ಪೋಸ್ಟ್‌ಮಾಸ್ತರರಾದ ಡಾಕ್ಟರ ತಂದೆ, ಡಾಕ್ಟರು, ಹೈಸ್ಕೂಲಿಗೆ ಹೋಗುವ ಡಾಕ್ಟರ ಮಗಳು. ಮೂವರೂ ಓದುವುದು ಒಂದೇ ಮಾಸಪತ್ರಿಕೆ, 'ಒಂಟಿಗವಸು' ಎಂಬ ಕಾಮಿಕ್ಸ್. ಅದನ್ನು ಓದದವರೆಂದರೆ ಡಾಕ್ಟರ ಹೆಂಡತಿ ಒಬ್ಬರೇ. ಮನೆ ನಡೆಯುತ್ತಿದ್ದದ್ದು ಅವರಿಂದ.

ಒಂಟಿಗವಸು ಯಾರೆಂದು ತಿಳಿಯದ ನತದೃಷ್ಟರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಅವನು ಒಂದೇ ಕೈಗೆ ಕೆಂಪು ಗವಸು ಹಾಕುವ ವೀರ. ಗವಸು ಹಾಕಿದ ಕೈಯಿಂದ ರೈಲಿನ ಕಂಬಿಯನ್ನೂ ಮಣಿಸುತ್ತಾನೆ. ಗವಸಿಲ್ಲದ ಕೈಯಿಂದ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯುವುದೂ ಅವನಿಗೆ ಕಷ್ಟ. ಮೊದಲ ನೂರಾ ಹದಿನೈದು ಸಂಚಿಕೆಗಳಲ್ಲಿ ಗವಸು ಬಲಗೈಯಲ್ಲಿತ್ತು. ನೂರಾ ಹದಿನಾರನೆಯ ಸಂಚಿಕೆಯ ಕೊನೆಯ ಪುಟದಲ್ಲಿ, ಗಡಿಯಾರದ ಗೋಪುರದ ಮುಂದೆ ಅವನು ಎದೆಯುಬ್ಬಿಸಿ ನಿಂತ ಇಡೀ ಪುಟದ ಚಿತ್ರದಲ್ಲಿ, ಅದು ಎಡಗೈಗೆ ಬಂದಿತ್ತು. ಅಂದಿನಿಂದ ಮೂವತ್ತೆರಡು ವರ್ಷ ಎಡಗೈಯಲ್ಲೇ ಇದೆ. ಯಾಕೆಂದು ಯಾರೂ ಹೇಳಿಲ್ಲ.

ಪೋಸ್ಟ್‌ಮಾಸ್ತರರು ಅಂದು ಸಂಪಾದಕರಿಗೆ ಹನ್ನೊಂದು ಪತ್ರ ಬರೆದು, ಹನ್ನೊಂದಕ್ಕೂ ತಮ್ಮ ಕೈಯಾರೆ ಮುದ್ರೆ ಒತ್ತಿ ಕಳಿಸಿದ್ದರಂತೆ. "ಕಾರಣವು ಸೂಕ್ತ ಕಾಲದಲ್ಲಿ ತಿಳಿಯಲಿದೆ" ಎಂದು ಒಂದು ಕಾರ್ಡು ಬಂತು. ಕಾಲ ಬರುವ ಮುಂಚೆ ಆ ಸಂಪಾದಕರು ತೀರಿಕೊಂಡರು. ಡಾಕ್ಟರಿಗೆ ಆಗ ಎಂಟು ವರ್ಷ. ಅವರು ಸ್ವಂತವಾಗಿ, ಬೆರಳಿಟ್ಟು ಓದಿದ ಮೊದಲ ಸಂಚಿಕೆಯೇ ನೂರಾ ಹದಿನಾರು. ಹಾಗಾಗಿ ಅಪ್ಪನಿಗೆ ಬಲಗೈಯೇ ಸತ್ಯ, ಮಗನಿಗೆ ಎಡಗೈಯೇ ಪ್ರಾಣ.

ಹೀಗಿರುವಾಗ ಪತ್ರಿಕೆಯ ಹಿಂಬದಿಯಲ್ಲಿ ಒಂದು ಜಾಹೀರಾತು ಬಂತು. "ಎರಡು ತಿಂಗಳಲ್ಲಿ ಐನೂರನೆಯ ಸಂಚಿಕೆ! ಗವಸು ಕೈ ಬದಲಿಸಲಿದೆ!" ಅಂದು ಬೆಳಿಗ್ಗೆ ಗೋಡೆಯಾಚೆ ಎದ್ದ ಸದ್ದಿಗೆ ನಮ್ಮ ಮನೆಯ ಕ್ಯಾಲೆಂಡರು ಓರೆಯಾಯಿತು.

"ಕೊನೆಗೂ ಬಲಗೈಗೆ ಬಂತು! ಹೇಳಿರ್ಲಿಲ್ವಾ ನಾನು?" ಇದು ಪೋಸ್ಟ್‌ಮಾಸ್ತರರು.

"ಬರಲ್ಲಪ್ಪ. ಬಂದ್ರೆ ನಾನು ಚಂದಾ ನಿಲ್ಲಿಸ್ತೀನಿ," ಇದು ಡಾಕ್ಟರು.

"ಚಂದಾ ಇರೋದು ನನ್ನ ಹೆಸರಲ್ಲಿ ಕಣೋ!"

"ಇಬ್ರೂ ಸ್ವಲ್ಪ ಸುಮ್ನಿರಿ," ಮೊಮ್ಮಗಳ ದನಿ. "ಬಲಗೈನೂ ಅಲ್ಲ, ಎಡಗೈನೂ ಅಲ್ಲ. ಗವಸು ಅವನ ಅಕ್ಕನ ಮಗಳಿಗೆ ಹೋಗುತ್ತೆ. ಅವಳು ಇಪ್ಪತ್ತು ಸಂಚಿಕೆಯಿಂದ ಕಾಯ್ತಾ ಇದಾಳೆ. ನಿಮ್ಮಿಬ್ರ ಒಂಟಿಗವಸಿಗೆ ವಯಸ್ಸಾಯ್ತು."

ಆಮೇಲೆ ಒಂದು ಸ್ಟೀಲ್ ಲೋಟ ನೆಲಕ್ಕೆ ಬಿದ್ದು ಬಹಳ ಹೊತ್ತು ಉರುಳಿತು.

ಮಾರನೆಯ ದಿನವೇ ನನಗೆ ದವಡೆಹಲ್ಲು ನೋಯಬೇಕೆ? ಹೋದೆ. ಡಾಕ್ಟರು ನನ್ನ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಡುವ ಮುಂಚೆ, ಹೊತ್ತು ಕಳೆಯಲೆಂದು, ನಿವೃತ್ತಿಗೆ ಮುಂಚೆ ನಾನು ಯಾವ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಕೇಳಿದರು. ಹೇಳಿದೆ. ಅವರು ಸೂಜಿಯನ್ನು ಬೇಗ ಬೇಗ ಚುಚ್ಚಿ ಮುಗಿಸಿದರು. ಒಂಟಿಗವಸು ಅಚ್ಚಾಗುತ್ತಿದ್ದದ್ದು ಅಲ್ಲೇ.

"ನೂರಾ ಹದಿನಾರು ಬಂದಾಗ ಇದ್ರಾ ಸಾರ್?"

ಹೌದೆಂದು ತಲೆಯಾಡಿಸಿದೆ. ಬಾಯಲ್ಲಿ ಆಗಲೇ ಹತ್ತಿ, ಕೊಳವೆ, ಕನ್ನಡಿ ಎಲ್ಲ ಸೇರಿದ್ದವು.

"ಸಾರ್, ಒಂದೇ ಪ್ರಶ್ನೆ. ಮೂವತ್ತೆರಡು ವರ್ಷದಿಂದ ಕಾಯ್ತಿದೀನಿ. ಗವಸು ಎಡಗೈಗೆ ಬಂದಿದ್ದು ತಪ್ಪಿಂದಲೋ, ಬೇಕು ಅಂತಲೇ ಮಾಡಿದ್ದೋ? ಬೇಕು ಅಂತಲೇ ಆದ್ರೆ ಒಂದು ಕೈ ಎತ್ತಿ, ಸಾಕು!"

ಹಾಗೆಂದವರು ಉತ್ಸಾಹದಲ್ಲಿ, ಇಂಜೆಕ್ಷನ್ ಹತ್ತುವ ಮುಂಚೆಯೇ, ಕೊರೆಯುವ ಯಂತ್ರವನ್ನು ನೇರ ನರಕ್ಕೇ ಮುಟ್ಟಿಸಿದರು. ನನ್ನ ಕೈ ತಾನಾಗಿ ಮೇಲೆ ಹಾರಿತು. ಬಲಗೈ ಅವರ ಮೊಣಕೈಯಡಿ ಸಿಕ್ಕಿಕೊಂಡಿದ್ದರಿಂದ ಹಾರಿದ್ದು ಎಡಗೈ.

"ಎಡಗೈ! ಎಡಗೈನೇ ಎತ್ತಿದ್ರು! ಸಿಸ್ಟರ್, ನೋಡಿದ್ರಾ?" ಡಾಕ್ಟರು ತಿರುಗುವ ಯಂತ್ರವನ್ನು ಹಿಡಿದುಕೊಂಡೇ ಕುಣಿದರು. ನರ್ಸು ಗೋಡೆಗೆ ಅಂಟಿ ನಿಂತಳು. ಹೊರಗೆ ಕಾಯುತ್ತಿದ್ದ ಇಬ್ಬರು ರೋಗಿಗಳು ಹಲ್ಲುನೋವು ವಾಸಿಯಾಯಿತೆಂದು ಮನೆಗೆ ಹೋದರು.

ನಿಜ ಏನೆಂದು ನಿಮಗಾದರೂ ಹೇಳಿಬಿಡುತ್ತೇನೆ. ನಾನು ಪ್ರೆಸ್ಸಿನಲ್ಲಿ ಫಿಲ್ಮು ಜೋಡಿಸುವವನು. ಆಗ ಚಿತ್ರಕ್ಕೆ ಬಣ್ಣಕ್ಕೊಂದರಂತೆ ನಾಲ್ಕು ಫಿಲ್ಮು, ಮಾತಿನ ಫಿಲ್ಮು ಬೇರೆ. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಅವನ್ನು ಒಂದರ ಮೇಲೊಂದು ಕೂರಿಸಬೇಕು. ಫಿಲ್ಮಿಗೆ ಒಂದು ಮೈ ಹೊಳಪು, ಒಂದು ಮೈ ಮಂಕು. ಮಂಕು ಕೆಳಗಿರಬೇಕು, ಇದೊಂದೇ ನಿಯಮ. ಇಡೀ ವೃತ್ತಿಯಲ್ಲಿ ನಾನು ಅದನ್ನು ಮುರಿದದ್ದು ಒಂದೇ ಸಲ. ನೂರಾ ಹದಿನಾರರ ಕೊನೆಯ ಪುಟದ ಮೊದಲ ಫಿಲ್ಮನ್ನು ಉಲ್ಟಾ ಇಟ್ಟೆ. ಉಳಿದ ಮೂರು ಬಣ್ಣದ ಫಿಲ್ಮುಗಳನ್ನೂ ಅದಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ, ಉಲ್ಟಾ ಕೂರಿಸಿದೆ. ಚಿತ್ರದ ಬಲ ಎಡವಾಯಿತು. ತಪ್ಪಿನಲ್ಲೂ ನಾನು ಶಿಸ್ತಿನ ಮನುಷ್ಯ. ಪತ್ರಗಳ ಮಳೆ ಸುರಿದಾಗ ಸಂಪಾದಕರು ತಪ್ಪೊಪ್ಪಿಕೊಳ್ಳುವ ಬದಲು, ಮುಂದೆ ಎಡಗೈಯಲ್ಲೇ ಬರೆಯಿರಿ ಎಂದು ಚಿತ್ರಕಾರರಿಗೆ ಹೇಳಿದರು. ಆ ದಿನ ನನಗೆ ಯಾಕೆ ಮಂಕು ಬಡಿದಿತ್ತು ಎಂಬುದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತು.

ಇದನ್ನೆಲ್ಲ ಅಲ್ಲೇ ಹೇಳಬಹುದಿತ್ತು. ಆದರೆ ನನ್ನ ನಾಲಿಗೆ ಎರಡು ಗಂಟೆ ಮರಗಟ್ಟಿತ್ತು. ಅಷ್ಟರಲ್ಲಿ ಸುದ್ದಿ ಬೀದಿಯನ್ನು ಎರಡು ಸುತ್ತು ಹಾಕಿತ್ತು. ನಾಲಿಗೆ ಮರಳಿದಾಗ ಕ್ಷೌರದಂಗಡಿಯವನು ನನ್ನನ್ನು ಸಾಲು ತಪ್ಪಿಸಿ ಮೊದಲ ಕುರ್ಚಿಗೆ ಕೂರಿಸಿದ್ದ. ಔಷಧಿ ಅಂಗಡಿಯವರು ಕೌಂಟರು ಬಿಟ್ಟು ಈಚೆ ಬಂದು ಕೈ ಕುಲುಕಿದರು, ಅದೂ ಎಡಗೈ. ಬೆನ್ನು ಬಗ್ಗಿಸಿ ಫಿಲ್ಮು ಜೋಡಿಸಿದ ಅಷ್ಟು ವರ್ಷ ನನಗೆ ಯಾರೂ ಒಂದು ಸ್ಟೂಲನ್ನೂ ಎಳೆದುಕೊಟ್ಟವರಲ್ಲ. ಹಿಗ್ಗಿ ಹೀರೇಕಾಯಿಯಾದೆ. ಸುಳ್ಳು ಹೇಳಲಿಲ್ಲ, ನಿಜ ಹೇಳುವುದನ್ನು ಸ್ವಲ್ಪ ಮುಂದಕ್ಕೆ ಹಾಕಿದೆ.

ಸಂಜೆ ಪಕ್ಕದ ಮನೆಗೆ ಚಹಾಕ್ಕೆ ಕರೆ ಬಂತು. ಡಾಕ್ಟರು ನೋಟ್‌ಬುಕ್ ಬಿಚ್ಚಿ ಕೂತಿದ್ದರು. ಪೋಸ್ಟ್‌ಮಾಸ್ತರರು ಕೋರ್ಟಿನ ವಕೀಲರಂತೆ ಎದುರಿಗೆ ಕೂತರು. ಮೊಮ್ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

"ಯಾರ್ರೀ ತೀರ್ಮಾನ ಮಾಡಿದ್ದು?" ಮಾಸ್ತರರ ಮೊದಲ ಪ್ರಶ್ನೆ.

"ಮೀಟಿಂಗ್ ಆಯ್ತು," ಎಂದೆ. ಆ ಪದ ಎಲ್ಲಿಂದ ಬಂತೋ.

"ಎಷ್ಟು ಹೊತ್ತು?"

"ಮೂರು ದಿನ."

"ಮೀಟಿಂಗಿಗೆ ಫಿಲ್ಮ್ ಜೋಡಿಸೋರನ್ನ ಯಾಕ್ರೀ ಕರೆದ್ರು?"

"ಅಭಿಪ್ರಾಯ ಕೇಳೋಕೆ."

"ಎಡಗೈ ಯಾಕೆ ಅಂತ ಹೇಳಿ ಮತ್ತೆ!"

ಸುತ್ತ ನೋಡಿದೆ. ಡಾಕ್ಟರ ಮನೆಯಲ್ಲವೆ, ಗೋಡೆಯ ಮೇಲೆ ಮನುಷ್ಯನ ಮೈಯೊಳಗಿನ ಚಿತ್ರವಿತ್ತು. "ಹೃದಯ ಇರೋದು ಎಡಗಡೆ," ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇಂದೂ ಮೊದಲ ಕುರ್ಚಿಯಲ್ಲೇ ಕ್ಷೌರ ಮಾಡಿಸಿಕೊಳ್ಳುತ್ತಿದ್ದೆ. ಆದರೆ ಹೊಗಳಿಕೆಯ ಮುಂದೆ ಬಾಯಿಗೆ ಬೀಗ ಎಲ್ಲಿ ನಿಲ್ಲುತ್ತದೆ? "ಅವನ ಹೃದಯ ಬಡಿಯೋವರೆಗೂ ಗವಸು ಅವನದೇ. ಇನ್ನೊಬ್ಬರ ಕೈಗೆ ಹೋಗೋ ಹಾಗೇ ಇಲ್ಲ. ಹಾಗಂತಲೇ ಮೀಟಿಂಗಲ್ಲಿ ಬರೆದಿಟ್ರು," ಎಂದು ಸೇರಿಸಿದೆ.

"ನಿಜವಾಗ್ಲೂ, ತಾತ?" ಮೊಮ್ಮಗಳು ನನ್ನನ್ನು ಕೇಳಿದಳು. ಅವಳ ಮುಖ ಸಣ್ಣದಾಗಿತ್ತು.

"ಮೂರು ದಿನ ಕಣಮ್ಮ," ಎಂದೆ.

ವಾರದೊಳಗೆ ಡಾಕ್ಟರು ನನ್ನ ಸಾಕ್ಷ್ಯವನ್ನು ಬೆರಳಚ್ಚು ಮಾಡಿಸಿ, ಇನ್ನೂರ ಹನ್ನೆರಡು ಓದುಗರ ಸಹಿ ಹಾಕಿಸಿ ಪತ್ರಿಕೆಯ ಆಫೀಸಿಗೆ ಕಳಿಸಿದರು. ಸಹಿ ಹಾಕಿದವರಲ್ಲಿ ಅರ್ಧದಷ್ಟು ಜನರ ಬಾಯಿ ಆ ಹೊತ್ತಿಗೆ ಅಗಲಿಸಿಯೇ ಇತ್ತು ಎಂಬುದು ನರ್ಸು ಹೇಳಿದ ಮಾತು.

ಈಗ ನನ್ನ ಮಗಳ ವಿಷಯ ಹೇಳಬೇಕು. ನಮಗೆ ಒಬ್ಬಳೇ ಮಗಳು, ಎಡಚಿ, ಚಿತ್ರ ಬರೆಯುವವಳು. ಎರಡು ವರ್ಷದಿಂದ ಒಂಟಿಗವಸನ್ನು ಬರೆಯುತ್ತಿರುವವಳು ಅವಳೇ. ಆ ಪತ್ರಿಕೆಯಲ್ಲಿ ಚಿತ್ರಕಾರರ ಹೆಸರು ಅಚ್ಚು ಹಾಕುವುದಿಲ್ಲ, ಹೊರಗೆ ಹೇಳುವಂತೆಯೂ ಇಲ್ಲ. ಹಾಗಾಗಿ ಗೋಡೆಯಾಚೆ ಅದು ಗೊತ್ತಿರಲಿಲ್ಲ. ಐನೂರನೆಯ ಸಂಚಿಕೆಯ ಕಥೆ ಏನೆಂದು ನನಗೂ ಗೊತ್ತಿರಲಿಲ್ಲ. ಕೇಳಿದರೆ, "ನಿಮ್ಮ ಬಾಯಲ್ಲಿ ಗುಟ್ಟು ನಿಲ್ಲಲ್ಲಪ್ಪ," ಎನ್ನುತ್ತಿದ್ದಳು. ಮಗಳು ತಂದೆಯನ್ನು ಚೆನ್ನಾಗಿ ಬಲ್ಲಳು. ಆ ಸಂಚಿಕೆಗಾಗಿ ಹಗಲು ರಾತ್ರಿ ಆಫೀಸಿನಲ್ಲೇ ಇರುತ್ತಿದ್ದುದರಿಂದ ಬೀದಿಯ ಸುದ್ದಿ ಅವಳ ಕಿವಿಗೆ ಬಿದ್ದಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಬ್ಯಾಗನ್ನು ಸೋಫಾದ ಮೇಲೆ ಎಸೆದು ಒಳಗೆ ಬಂದಳು.

"ಏಳು ತಿಂಗಳು ಬರೆದಿದೀನಮ್ಮ! ಮೂವತ್ತೆರಡು ಪುಟ! ಈಗ ನಿಲ್ಲಿಸ್ತೀನಿ ಅಂತಾರೆ ಸಂಪಾದಕರು!"

"ಯಾಕಂತೆ?" ಹೆಂಡತಿ ಕೇಳಿದಳು.

"ಗವಸು ಅಕ್ಕನ ಮಗಳ ಕೈಗೆ ಹೋಗುತ್ತೆ, ಅದೇ ಕಥೆ. ಯಾರೋ ಹಳೇ ಪ್ರೆಸ್ಸಿನವನಂತೆ, ಹೆಸರು ಹೇಳ್ಲಿಲ್ಲ, ಹಾಗೆ ಹೋಗಬಾರ್ದು ಅಂತ ಮೀಟಿಂಗಲ್ಲಿ ಬರೆದಿಟ್ಟಿದ್ರು ಅಂತ ಸಾಕ್ಷಿ ಹೇಳಿದಾನಂತೆ. ಭಾನುವಾರ ಲೈಬ್ರರಿ ಹಾಲಲ್ಲಿ ಓದುಗರ ಸಭೆ. ಅವನು ಹೇಳೋದು ನಿಜ ಅಂತಾದ್ರೆ ನನ್ನ ಸಂಚಿಕೆ ಕಸದಬುಟ್ಟಿಗೆ, ಪತ್ರಿಕೆ ಬೇರೆಯವರ ಕೈಗೆ. ಸಿಗಲಿ ಆ ಮನುಷ್ಯ, ಜನ್ಮ ಜಾಲಾಡಿಬಿಡ್ತೀನಿ!"

ನಾನು ಪೇಪರನ್ನು ಮುಖದವರೆಗೂ ಏರಿಸಿದೆ. ಅದು ತಲೆಕೆಳಗಾಗಿತ್ತು. ಉಲ್ಟಾ ಹಿಡಿಯುವುದು ನನಗೆ ರೂಢಿಯೇ ಆಗಿಬಿಟ್ಟಿತ್ತು.

ಮಗಳು ಕೋಣೆಗೆ ಹೋದ ಮೇಲೆ ಹೆಂಡತಿ ನನ್ನ ಪಕ್ಕ ಬಂದು ಕೂತಳು. ಅವಳು ಹುಟ್ಟಿದಾಗಿನಿಂದ ಸುಳ್ಳು ಹೇಳಿದವಳಲ್ಲ. ಮದುವೆಯ ವಾರದಲ್ಲೇ, ನಾನು ಹಾಡಿದ್ದು ಹೇಗಿತ್ತು ಎಂದು ಕೇಳಿದ್ದಕ್ಕೆ "ಇನ್ನೊಮ್ಮೆ ಬೇಡ" ಎಂದಿದ್ದಳು.

"ಮೂರು ದಿನ ಮೀಟಿಂಗಾ?" ಎಂದಳು. "ಪ್ರೆಸ್ಸಿಂದ ಬಂದ್ಮೇಲೆ ಆ ಮೂರು ದಿನ ನೀವು ಆಸ್ಪತ್ರೆ ಕಾರಿಡಾರಿನ ಬೆಂಚಿನ ಮೇಲೆ ಗೊರಕೆ ಹೊಡೀತಿದ್ರಿ."

"ಹೇಳಿಬಿಡ್ಲಾ ಅವಳಿಗೆ?"

"ಅವಳಿಗೆ ಹೇಳಿದ್ರೆ ಏನ್ ಬಂತು? ಎಲ್ಲಿ ಹಚ್ಚಿದ್ರೋ ಅಲ್ಲೇ ಆರಿಸಿ."

ಭಾನುವಾರ ಬೆಳಿಗ್ಗೆ ಲೈಬ್ರರಿ ಹಾಲ್ ಕಿಕ್ಕಿರಿದಿತ್ತು. ಜನ ತಾವಾಗಿಯೇ ಮೂರು ಪಾಲಾಗಿದ್ದರು. ಬಲಗಡೆ ನರೆತ ತಲೆಗಳು, ಎಡಗಡೆ ಬೋಳಾಗುತ್ತಿರುವ ತಲೆಗಳು, ಹಿಂದೆ ನಿಂತವರು ಹುಡುಗ ಹುಡುಗಿಯರು. ಮೂರೂ ಕಡೆಯಿಂದ ಒಟ್ಟಿಗೇ ಕೂಗು. ಲೈಬ್ರರಿಯನ್ನರು 'ಮೌನವಾಗಿರಿ' ಎಂಬ ಹಲಗೆಯನ್ನು ಎತ್ತಿ ಹಿಡಿದು, ಕೊನೆಗೆ ಅದರಿಂದಲೇ ಮೇಜು ಕುಟ್ಟಿದರು. ನನ್ನನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿ ಎಡಗೈಗೆ ಒಂದು ಹೂಗುಚ್ಛ ಕೊಟ್ಟಿದ್ದರು.

ಸಂಪಾದಕರು ಬಂದರು. ಅವರ ಹಿಂದೆ ಮೂವತ್ತೆರಡು ಪುಟಗಳ ಕಡತವನ್ನು ಅಪ್ಪಿಕೊಂಡು ನನ್ನ ಮಗಳು. ಮೆಟ್ಟಿಲೇರಿದವಳು ನನ್ನನ್ನು ನೋಡಿ ನಿಂತಳು.

"ಅಪ್ಪಾ? ನೀವಿಲ್ಲಿ ಏನ್ ಮಾಡ್ತಿದೀರಾ?"

"ಇವರೇ ನಮ್ಮ ಸಾಕ್ಷಿ!" ಎಂದರು ಡಾಕ್ಟರು, ಎದೆಯುಬ್ಬಿಸಿ. "ಅರೆ, ಇವರ ಮಗಳಲ್ವಾ ನೀವು? ಅಂದ್ರೆ ಒಂಟಿಗವಸು ಬರೆಯೋದು ನೀವಾ?"

ಜನ್ಮ ಜಾಲಾಡುತ್ತೇನೆ ಎಂದವಳು ಸುಮ್ಮನೆ ನೋಡಿದಳು, ಅಷ್ಟೆ. ಅದಕ್ಕಿಂತ ಜಾಲಾಡಿದ್ದರೆ ವಾಸಿಯಿತ್ತು.

ಎದ್ದು ನಿಂತೆ. "ಮೀಟಿಂಗ್ ಆಗ್ಲಿಲ್ಲ," ಎಂದೆ. "ಯಾರೂ ಏನೂ ತೀರ್ಮಾನ ಮಾಡ್ಲಿಲ್ಲ. ಫಿಲ್ಮನ್ನ ನಾನು ಉಲ್ಟಾ ಇಟ್ಟೆ. ಅಷ್ಟೇ."

ಎಡಗಡೆಯವರೆಲ್ಲ ನಕ್ಕರು.

"ಮಗಳಿಗೋಸ್ಕರ ಸುಳ್ಳು ಹೇಳ್ತಿದಾರೆ!" ಯಾರೋ ಕೂಗಿದರು.

"ಇಲ್ಲ, ನಿಜ. ಬೇಕಾದ್ರೆ ಆ ಪುಟದಲ್ಲಿರೋ ಗಡಿಯಾರ ನೋಡಿ. ಅಂಕಿಗಳೆಲ್ಲ ಉಲ್ಟಾ ಇವೆ."

"ಅದು ಇರಲೇಬೇಕು ಸಾರ್!" ಡಾಕ್ಟರು ಮೇಲೆದ್ದರು. "ಹಿಂದಕ್ಕೆ ಓಡೋ ಗಡಿಯಾರ ಅದು. ಒಂಟಿಗವಸಿನ ಹಳೇ ಬದುಕು ಮುಗೀತು ಅನ್ನೋದಕ್ಕೆ ಸೂಚನೆ. ಅದರ ಮೇಲೆ ನಾನು ನಲವತ್ತು ಪುಟ ಬರೆದಿದೀನಿ!"

ಸುಳ್ಳು ಹೇಳಿದಾಗ ಕುರ್ಚಿ ಕೊಟ್ಟರು, ನಿಜ ಹೇಳಿದರೆ ನಂಬುವವರೇ ಇಲ್ಲ. ನನಗೆ ಸಿಟ್ಟು ಬಂತು. "ಡಾಕ್ಟ್ರೇ, ನಿಮ್ಮ ಜೇಬಲ್ಲಿ ಹಲ್ಲು ನೋಡೋ ಕನ್ನಡಿ ಯಾವಾಗ್ಲೂ ಇರುತ್ತಲ್ಲ? ತೆಗೀರಿ. ಆ ಪುಟ ಹಿಡಿದು ಅದರಲ್ಲಿ ನೋಡಿ. ನಿಮಗೆ ಏನು ಕಾಣುತ್ತೋ ಅದನ್ನೇ ಹೇಳಿ. ನೀವು ಏನು ಹೇಳಿದ್ರೂ ನಾನು ಒಪ್ತೀನಿ."

ಡಾಕ್ಟರು ನೂರಾ ಹದಿನಾರನೆಯ ಸಂಚಿಕೆಯನ್ನು ಪ್ಲಾಸ್ಟಿಕ್ ಕವರಿನಿಂದ ಮೆಲ್ಲಗೆ ಈಚೆ ತೆಗೆದರು. ಉದ್ದ ಹಿಡಿಯ, ನಾಣ್ಯದಷ್ಟು ಅಗಲದ ಕನ್ನಡಿಯನ್ನು ಅದರ ಮುಂದೆ ಹಿಡಿದರು. ಆ ಕನ್ನಡಿಯಲ್ಲಿ ಕಾಣುವುದು ಒಬ್ಬರಿಗೆ ಮಾತ್ರ. ಬೇಕಿದ್ದರೆ ಅವರು ಏನನ್ನಾದರೂ ಹೇಳಬಹುದಿತ್ತು. ಕನ್ನಡಿ ಗೋಪುರದ ಮೇಲೆ ಸರಿಯಿತು, ಗಡಿಯಾರದ ಮೇಲೆ ನಿಂತಿತು, ಕೈಗೆ ಇಳಿಯಿತು.

"ಹನ್ನೊಂದು ಗಂಟೆ," ಎಂದರು ಕೊನೆಗೆ. "ಅಂಕಿಗಳೆಲ್ಲ ಸರಿಯಾಗಿವೆ. ಗವಸು..." ಕನ್ನಡಿ ಒರೆಸಿ ಮತ್ತೆ ನೋಡಿದರು. "ಬಲಗೈಯಲ್ಲಿದೆ."

"ಹನ್ನೊಂದು ಪತ್ರ ಬರೆದಿದ್ದೆ!" ಪೋಸ್ಟ್‌ಮಾಸ್ತರರು ಕುರ್ಚಿಯ ಮೇಲೆ ಹತ್ತಿ ಕೂಗಿದರು. ನರೆತ ತಲೆಗಳೆಲ್ಲ ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡವು. ಒಬ್ಬರ ಹಲ್ಲಿನ ಸೆಟ್ಟು ಕೆಳಗೆ ಬಿತ್ತು. ಡಾಕ್ಟರು ಅಷ್ಟು ದುಃಖದಲ್ಲೂ ಅದನ್ನು ಎತ್ತಿಕೊಟ್ಟರು. ಎಂಟು ವರ್ಷದ ಹುಡುಗನ ಆಟಿಕೆ ಕಸಿದುಕೊಂಡಂತಿತ್ತು ಅವರ ಮುಖ. ಅವರಿಗೆ ಹಾಗೆ ಮಾಡಿದವನು ನಾನು.

ಆಗ ಮಗಳು ಮತ್ತೆ ಮಾತಾಡಿದಳು. "ಅಪ್ಪ, ನೀವು ನನ್ನ ರಬ್ಬರನ್ನೂ ಅದರ ಜಾಗದಲ್ಲೇ ಇಡೋರು. ಅವತ್ತು ಹೇಗೆ ಉಲ್ಟಾ ಇಟ್ರಿ?"

"ಅವತ್ತು ಪ್ರೆಸ್ಸಿಗೆ ಆಸ್ಪತ್ರೆಯಿಂದ ಫೋನ್ ಬಂತು ಕಣೇ," ಎಂದೆ. "ಹೆಣ್ಣುಮಗು, ಇಬ್ರೂ ಚೆನ್ನಾಗಿದಾರೆ ಅಂದ್ರು. ಹನ್ನೆರಡು ವರ್ಷ ಕಾದಿದ್ವಿ ನಿನಗೋಸ್ಕರ. ಫೋನಿಟ್ಟು ಬಂದು ಫಿಲ್ಮ್ ಕೈಗೆ ತಗೊಂಡೆ. ಆಮೇಲೆ ಮಂಕು ಯಾವುದು, ಹೊಳಪು ಯಾವುದು, ಒಂದೂ ಗೊತ್ತಾಗ್ಲಿಲ್ಲ. ಎಲ್ಲಾ ಹೊಳೀತಿತ್ತು."

ಕಡತ ಅವಳ ಕೈಯಿಂದ ಜಾರಿತು. ಬೀಳುವ ಮುಂಚೆ ಎಡಗೈಯಿಂದ ಹಿಡಿದಳು.

"ತಡೀರಿ, ತಡೀರಿ!" ಹಿಂದಿನಿಂದ ಡಾಕ್ಟರ ಮಗಳು ಕುರ್ಚಿಗಳನ್ನು ತಳ್ಳಿಕೊಂಡು ಓಡಿ ಬಂದಳು. "ಅಕ್ಕ, ನೀವು ಎಡಚೀನಾ?"

"ಹೌದು."

"ಹುಟ್ಟಿದ್ದು ಅವತ್ತೇ? ಗವಸು ಎಡಗೈಗೆ ಬಂದ ದಿನ?"

"ಹಾಗಂತಿದಾರೆ ನಮ್ಮಪ್ಪ."

ಹುಡುಗಿ ಸಭೆಯ ಕಡೆ ತಿರುಗಿದಳು. ಕೆನ್ನೆ ಕೆಂಪಾಗಿತ್ತು. "ಅಷ್ಟೂ ಗೊತ್ತಾಗಲ್ವಾ ನಿಮಗೆ? ಆ ದಿನದವರೆಗೂ ಬಲಗೈ ಸರಿ. ತಾತ, ನೀನು ಗೆದ್ದೆ. ಆ ದಿನದಿಂದ ಎಡಗೈ ಸರಿ. ಅಪ್ಪ, ನೀನೂ ಗೆದ್ದೆ! ಗವಸಿಗೆ ಮೊದಲೇ ಗೊತ್ತಾಗಿತ್ತು. ತನ್ನನ್ನ ಬರೆಯೋಳು ಹುಟ್ಟಿದ್ಳು, ಅವಳು ಎಡಚಿ ಅಂತ. ಮೂವತ್ತೆರಡು ವರ್ಷದಿಂದ ಒಂಟಿಗವಸು ಅದನ್ನ ಬರೀ ಕಾಪಾಡ್ತಾ ಇದ್ದ. ಈಗ ಇವರು ಬರೆದ ಹಾಗೆ ಅಕ್ಕನ ಮಗಳಿಗೆ ಕೊಡ್ಲಿ ಬಿಡಿ!"

ಡಾಕ್ಟರು ತಲೆಯೆತ್ತಿದರು. ಕಣ್ಣಲ್ಲಿ ಮತ್ತೆ ಮಿಂಚು ಬಂತು. "ಹಾಗಾದ್ರೆ ಗಡಿಯಾರದ ಹನ್ನೊಂದು ಗಂಟೆ... ಫೋನ್ ಎಷ್ಟೊತ್ತಿಗೆ ಬಂದಿತ್ತು ಸಾರ್?"

ನನಗೆ ನೆನಪಿರಲಿಲ್ಲ. "ಹನ್ನೊಂದಕ್ಕೆ," ಎಂದು ಮೂರನೆಯ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಹೇಳಿದಳು. ಅವಳು ಸುಳ್ಳು ಹೇಳುವವಳಲ್ಲ.

ಸಭೆ ಸ್ಫೋಟಿಸಿತು. ಮೂರು ಪಾಲಾಗಿದ್ದ ಜನ ಒಂದಾಗಿ ಕುಣಿದರು. ಪೋಸ್ಟ್‌ಮಾಸ್ತರರು ಮಗನನ್ನು ಅಪ್ಪಿಕೊಂಡರು, ಲೈಬ್ರರಿಯನ್ನರು ಮೌನದ ಹಲಗೆಯನ್ನು ಗಾಳಿಗೆ ಎಸೆದರು. ಸಂಪಾದಕರು ಆ ಗದ್ದಲದಲ್ಲೇ ಮಗಳ ಕಿವಿಯ ಹತ್ತಿರ ಕೂಗಿ ಹೇಳಿದ್ದು ನನಗೂ ಕೇಳಿಸಿತು: "ಅಚ್ಚಿಗೆ ಕಳಿಸಿ! ಗವಸು ಕೊಡೋ ಪುಟದಲ್ಲಿ ಮಾತ್ರ ಅಕ್ಕನ ಮಗಳ ಎಡಗೈಗೆ ತಿದ್ದಿ, ಇವತ್ತೇ!" ಮಗಳು ನನ್ನ ಹತ್ತಿರ ಬಂದು, "ಮನೆಗೆ ನಡೀರಿ, ಜಾಲಾಡೋದಿದೆ," ಎಂದಳು. ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ.

ಐನೂರನೆಯ ಸಂಚಿಕೆ ಬಂದ ಬೆಳಿಗ್ಗೆ ಅಂಗಡಿಯ ಮುಂದಿನ ಸಾಲು ಬೀದಿಯ ತಿರುವು ದಾಟಿತ್ತು. ಹತ್ತು ಗಂಟೆಗೆ ಗೋಡೆಯಾಚೆ ಗದ್ದಲ ಶುರುವಾಯಿತು. ಹತ್ತೂಕಾಲಿಗೆ ಮೂರು ತಲೆಮಾರೂ ನಮ್ಮ ಬಾಗಿಲಲ್ಲಿತ್ತು.

"ಹತ್ತೊಂಬತ್ತನೇ ಪುಟ ನೋಡಮ್ಮ," ಪೋಸ್ಟ್‌ಮಾಸ್ತರರು ಏದುಸಿರು ಬಿಡುತ್ತಿದ್ದರು. "ಗವಸು ಹಾಕಿದ ಕೈಯಲ್ಲಿ ಆರು ಬೆರಳಿವೆ! ಇವನು ಹೊಸ ಶಕ್ತಿ ಅಂತಾನೆ. ಇವಳು ಅಕ್ಕನ ವಂಶದ ಗುರುತು ಅಂತಾಳೆ. ನಾನು ತಪ್ಪು ಅಂತೀನಿ. ನೀನೇ ಹೇಳು."

ಮಗಳು ಪುಟ ನೋಡಿದಳು. ಒಂದು ಸಲ ಎಣಿಸಿದಳು, ಇನ್ನೊಂದು ಸಲ ಎಣಿಸಿದಳು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿ, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಸಭೆ ಮುಗಿಸಿ ಬಂದ ಮಧ್ಯಾಹ್ನ ತಿದ್ದಿದ್ದಪ್ಪ ಇದು. ಎಲ್ಲಾ ಹೊಳೀತಿತ್ತು."

ಅವಳು ಬಾಗಿಲಿನತ್ತ ತಿರುಗಿ ಬೆನ್ನು ನೆಟ್ಟಗೆ ಮಾಡಿದಳು.

"ಅದು ತಪ್ಪಲ್ಲ ಅಂಕಲ್. ಬೇಕು ಅಂತಲೇ ಮಾಡಿದ್ದು. ಅದಕ್ಕೆ ಮೀಟಿಂಗ್ ಆಗಿತ್ತು."

ಪೋಸ್ಟ್‌ಮಾಸ್ತರರು ಕಣ್ಣು ಕಿರಿದು ಮಾಡಿದರು. "ಎಷ್ಟು ಹೊತ್ತು?"

ಹುಟ್ಟಿದಾಗಿನಿಂದ ಸುಳ್ಳು ಹೇಳದ ನನ್ನ ಹೆಂಡತಿ, ಒಳಗಿನಿಂದಲೇ ಉತ್ತರ ಕೊಟ್ಟಳು.

"ಮೂರು ದಿನ!"